ಇಂದಿನ ಧಮ್ಮ ಚಿಂತನೆ: ಶ್ರಾದ್ಧ ಬೇಡ, ಶ್ರದ್ಧೆ ಇರಲಿ

ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿ 'ಅಯ್ಯಿಕಾ ಸುತ್ತ' ಎಂಬ ಚಿಕ್ಕ ಸುತ್ತವಿದೆ. ಪಾಲಿಯಲ್ಲಿ ಅಯ್ಯಿಕಾ ಎಂದರೆ ಅಜ್ಜಿ. ನಮ್ಮ ಕಲಬುರಗಿ ಕಡೆ ಮೊಮ್ಮಕ್ಕಳು ಅಜ್ಜಿಗೆ ಆಯಿ ಎನ್ನುತ್ತಾರೆ. ಎರಡೂ ಕಿವಿಗೆ ಹತ್ತಿರದ ಮಾತುಗಳೇ.

ಒಂದು ದಿನ ಉರಿಬಿಸಿಲಿನ ಮಧ್ಯಾಹ್ನ ಕೋಸಲದ ರಾಜ ಪಸೇನದಿ ತಥಾಗತರ ಬಳಿ ಬಂದ. ಇಷ್ಟು ಹೊತ್ತಿನಲ್ಲಿ ಎಲ್ಲಿಂದ ಬರುತ್ತಿದ್ದೀಯ ಮಹಾರಾಜ ಎಂದು ತಥಾಗತರು ಕೇಳಿದರು. ಭಂತೆ, ನನ್ನ ಅಜ್ಜಿ ತೀರಿಕೊಂಡರು, ಅವರಿಗೆ 120 ವರ್ಷವಾಗಿತ್ತು, ಅವರೆಂದರೆ ನನಗೆ ಪ್ರಾಣ ಎಂದ ರಾಜ. ಒಳ್ಳೆಯ ಆನೆಯನ್ನು ಕೊಟ್ಟರೆ ಅಜ್ಜಿ ಉಳಿಯುತ್ತಾಳೆ ಎಂದಿದ್ದರೆ ಆನೆ ಕೊಡುತ್ತಿದ್ದೆ, ಕುದುರೆ ಕೊಡುತ್ತಿದ್ದೆ, ಒಂದು ಹಳ್ಳಿ ಕೊಡುತ್ತಿದ್ದೆ, ಒಂದು ನಾಡನ್ನೇ ಕೊಡುತ್ತಿದ್ದೆ ಎಂದ.

120 ವರ್ಷ ಬಾಳಿದ ಮುದುಕಿಗಾಗಿ ಇಷ್ಟೇಕೆ ಅಳುತ್ತೀಯ ಎಂದು ತಥಾಗತರು ಬಯ್ಯಲಿಲ್ಲ. ಹುಟ್ಟಿದವರೆಲ್ಲ ಸಾಯುವವರೇ, ಕುಂಬಾರ ಮಾಡಿದ ಗಡಿಗೆ ಹಸಿಯಿರಲಿ ಸುಟ್ಟದ್ದಿರಲಿ, ಒಂದು ದಿನ ಒಡೆಯುವುದೇ ಎಂದು ಹೇಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಮನುಷ್ಯ ಹೋದ ಮೇಲೆ ಅವನ ಕರ್ಮ ಉಳಿಯುತ್ತದೆ, ಆದ್ದರಿಂದ ಒಳ್ಳೆಯದನ್ನು ಮಾಡಿರಿ ಎಂದರು.

ಈ ಸುತ್ತವನ್ನು ಇಂದು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಅವ್ವ ತೀರಿಕೊಂಡು ಇಂದಿಗೆ ಒಂದು ವರ್ಷ. ನನಗೆ ತಾಯಿ, ನಾಲ್ಕು ಮೊಮ್ಮಕ್ಕಳಿಗೆ ಆಯಿ. ಇಂದಿನ ಚಿಂತನೆ ಬರೆಯುವ ಸರದಿ ನನ್ನದು ಎಂದು ಬಳಗದವರು ಹೇಳಿದಾಗ, ಅವಳ ಬಗ್ಗೆಯೇ ಬರೆಯುತ್ತೇನೆ ಎಂದೆ.

*ಒಂದು ಪ್ರಶ್ನೆ*

ಹದಿನೈದು ದಿನಗಳ ಹಿಂದೆ ನಮ್ಮ ಚಿಕ್ಕವ್ವ ಊರಿಂದ ಬಂದಳು. ಅವ್ವನ ಸ್ವಂತ ತಂಗಿ, ಎಪ್ಪತ್ತು ದಾಟಿದವಳು. ಬಂದವಳೇ ಕೇಳಿದಳು: "ವರ್ಷದ ದಿನ ಬಂತಲ್ಲ, ಎಡಿ ಇಡತೀರಿಲ್ಲೋ?"

ನಾವು ಬೌದ್ಧರು ಚಿಕ್ಕವ್ವ, ಎಡೆ ಇಡುವುದಿಲ್ಲ ಎಂದೆ. ಅವಳು ಜಗಳ ಮಾಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಮ್ಮ ಬುದ್ಧ ದೊಡ್ಡಾವ ಇರಬಹುದು ಯವ್ವಾ. ಆದ್ರ ನಮ್ಮಕ್ಕ ಎಲ್ಲರೇ ಹಸಗೊಂಡು ಕುಂತಿದ್ದರ?" ಎಂದಳು.

ಬಂಧುಗಳೇ, ಇಂಥ ಪ್ರಶ್ನೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಬರುತ್ತದೆ. 1956 ರ ಅಕ್ಟೋಬರ್ 14 ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ, ಶ್ರಾದ್ಧ ಮಾಡುವುದಿಲ್ಲ, ಪಿಂಡ ಹಾಕುವುದಿಲ್ಲ ಎಂಬುದೂ ಒಂದು. ನಾವು ಅದನ್ನು ಹೇಳಿ ದೀಕ್ಷೆ ಪಡೆದವರು. ಆದರೆ ಮನೆಯಲ್ಲಿ ಸಾವಾದಾಗ, ಅಳುತ್ತಿರುವ ಒಬ್ಬ ಮುದುಕಿ ಹೀಗೆ ಕೇಳಿದಾಗ, ಪ್ರತಿಜ್ಞೆಯ ಸಂಖ್ಯೆ ಹೇಳಿದರೆ ಸಾಲದು. ಶ್ರಾದ್ಧ ಬಿಟ್ಟೆವು, ಸರಿ. ಅದರ ಜಾಗದಲ್ಲಿ ಏನನ್ನು ಇಟ್ಟುಕೊಂಡೆವು? ಇದಕ್ಕೆ ಉತ್ತರ ಬೇಕು. ಅವ್ವನ ಬದುಕಿನಲ್ಲೇ ನನಗೆ ಆ ಉತ್ತರ ಸಿಕ್ಕಿತು.

*ಅವ್ವ ಕತ್ತರಿ ಹಿಡಿದ ದಿನ*

ಅವ್ವ ತೊಗರಿ ಹೊಲಗಳಲ್ಲಿ ಕೂಲಿ ಮಾಡಿದವಳು. ಊರಿನ ಬಾವಿಗೆ ನಮ್ಮ ಕೇರಿಯವರು ಕೊಡ ಇಳಿಸುವಂತಿರಲಿಲ್ಲ. ಮೇಲೆ ನಿಂತವರು ಯಾರಾದರೂ ದಯೆ ತೋರಿ ನೀರು ಸುರಿಯುವವರೆಗೆ ಕಾಯಬೇಕು. ಅವಳ ಹರೆಯದ ಎಷ್ಟು ತಾಸುಗಳು ಆ ಬಾವಿಯ ಹತ್ತಿರ ಕಳೆದವೋ. ನಮ್ಮಪ್ಪನನ್ನು ಸಾರಾಯಿ ತಿಂದು ಹಾಕಿತು. ನಾನು, ನನ್ನ ತಮ್ಮ, ಅವ್ವ, ಮೂರೇ ಮಂದಿ ಉಳಿದೆವು.

ಅವ್ವನ ಅಣ್ಣ, ನಮ್ಮ ಸೋದರಮಾವ, ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ. ನಾಗಪುರಕ್ಕೆ ಹೋಗಿ ಬಂದಿದ್ದ. ಅವನು ತಂದ ಬಾಬಾಸಾಹೇಬರ ಪಟ ನಮ್ಮ ಗುಡಿಸಲಿನ ಗೋಡೆಗೆ ಬಂತು. ಪಕ್ಕದಲ್ಲಿ ಎಲ್ಲಮ್ಮನ ಜಗಲಿ ಹಾಗೆಯೇ ಇತ್ತು. ಎರಡೂ ಇದ್ದವು, ಬಹಳ ಮನೆಗಳಲ್ಲಿ ಇದ್ದ ಹಾಗೆ.

ನನಗೆ ಎಂಟು ವರ್ಷವಾದಾಗ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆ ಬಂತು. ಎಣ್ಣೆ ಕಾಣದ, ಬಾಚಣಿಗೆ ಹತ್ತದ ತಲೆ. ಹೇನು, ಧೂಳು, ಬೆವರು ಸೇರಿ ಆದ ಗಂಟು ಅದು. ಆದರೆ ನಮ್ಮ ಕಡೆ ಹುಡುಗಿಯ ತಲೆಯಲ್ಲಿ ಜಡೆ ಬಂದರೆ ಅರ್ಥ ಬೇರೆಯೇ. ದೇವಿ ಕರೆದಿದ್ದಾಳೆ ಎನ್ನುತ್ತಾರೆ. ಕೇರಿಯ ಹಿರಿಯರು ಬಂದು ಕುಳಿತರು. ಬರುವ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸಬೇಕು ಎಂದರು. ಇದು 1982 ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಗಿಂತ ಹಿಂದಿನ ಮಾತು. ಮುತ್ತು ಕಟ್ಟಿಸಿಕೊಂಡ ಹುಡುಗಿಯ ಬದುಕು ಮುಂದೆ ಏನಾಗುತ್ತದೆ ಎಂಬುದು ಅಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದರು. ದೇವಿಯ ಸಿಟ್ಟಿಗೆ ಅಷ್ಟು ಹೆದರಿದ್ದರು.

ಅವ್ವ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ದರ್ಜಿಯ ಮನೆಯಿಂದ ಕತ್ತರಿ ಕೇಳಿ ತಂದಳು. ನನ್ನನ್ನು ಬಾಬಾಸಾಹೇಬರ ಪಟದ ಮುಂದೆ ಕೂರಿಸಿದಳು. ಜಡೆ ಕತ್ತರಿಸಿ ತಲೆ ಪೂರ್ತಿ ಬೋಳಿಸಿದಳು. ಕತ್ತರಿಸಿದ ಜಡೆಯನ್ನು ಒಲೆಗೆ ಹಾಕಿದಳು.

ಅದೇ ವಾರ ನನಗೆ ಜ್ವರ ಬಂತು. ಕೇರಿಗೆ ಕೇರಿಯೇ, "ನೋಡು, ದೇವಿ ಬಿಡಲಿಲ್ಲ" ಎಂದಿತು. ಅವ್ವ ಹೆದರಲಿಲ್ಲ ಎಂದು ನಾನು ಹೇಳಲಾರೆ. ಅವಳ ಕೈ ನಡುಗುತ್ತಿದ್ದುದು ನನಗೆ ಇಂದಿಗೂ ನೆನಪಿದೆ. ಆದರೆ ಆ ನಡುಗುವ ಕೈಯಿಂದಲೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಸರ್ಕಾರಿ ದವಾಖಾನೆಗೆ ನಡೆದಳು. ಡಾಕ್ಟರು ಸೂಜಿ ಮಾಡಿದರು, ಗುಳಿಗೆ ಕೊಟ್ಟರು. ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಕೂದಲು ಮತ್ತೆ ಬೆಳೆಯಿತು. ಅವ್ವ ದಿನಾ ಎಣ್ಣೆ ಹಚ್ಚಿ ಬಾಚಿದಳು. ಜಡೆ ಮತ್ತೆ ಬರಲಿಲ್ಲ. ಒಂದು ವರ್ಷ ನೋಡಿ ಆಮೇಲೆ ಜಗಲಿಯನ್ನು ತೆಗೆದಳು.

ಕೇಸಮುತ್ತಿಯ ಕಾಲಾಮರಿಗೆ ತಥಾಗತರು ಹೇಳಿದ್ದೇನು? ಪರಂಪರೆಯಿಂದ ಬಂದಿದೆ ಎಂದು ಒಪ್ಪಬೇಡಿ, ಹಿರಿಯರು ಹೇಳಿದರು ಎಂದು ಒಪ್ಪಬೇಡಿ, ಇದರಿಂದ ಕೇಡಾಗುತ್ತದೆ ಎಂದು ನಿಮಗೇ ತಿಳಿದಾಗ ಬಿಟ್ಟುಬಿಡಿ, ಒಳಿತಾಗುತ್ತದೆ ಎಂದು ತಿಳಿದಾಗ ಹಿಡಿಯಿರಿ ಎಂಬ ಅರ್ಥದ ಮಾತು. ಅವ್ವನಿಗೆ ಆಗ ಕಾಲಾಮ ಸುತ್ತದ ಹೆಸರೂ ಗೊತ್ತಿರಲಿಲ್ಲ, ಅಕ್ಷರವೂ ಗೊತ್ತಿರಲಿಲ್ಲ. ಮಗಳಿಗೆ ಕೇಡಾಗುತ್ತದೆ ಎಂಬುದು ಗೊತ್ತಿತ್ತು. ಬಿಟ್ಟಳು. ವರ್ಷ ಕಾದು, ಪರೀಕ್ಷಿಸಿ, ಆಮೇಲೆ ಬುದ್ಧನನ್ನು ಹಿಡಿದಳು.

*ಸದ್ಧಾ ಎಂದರೆ ಏನು*

ಬೇರೆಯವರು ನಮ್ಮ ಅವ್ವನನ್ನು ಬಹಳ ಭಕ್ತೆ ಎನ್ನುತ್ತಿದ್ದರು. ದಿನಾ ಸಂಜೆ ಮೇಣದಬತ್ತಿ ಹಚ್ಚಿ ತ್ರಿಸರಣ, ಪಂಚಶೀಲ ಹೇಳುವಳು, ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗುವಳು, ಹಾಗಾಗಿ. ಆದರೆ ಭಕ್ತಿ ಎಂಬ ಪದ ಅವಳಿಗೆ ಪೂರ್ತಿ ಹೊಂದುವುದಿಲ್ಲ. ಪಾಲಿಯ ಪದ ಸದ್ಧಾ. ಸಂಸ್ಕೃತದಲ್ಲಿ ಶ್ರದ್ಧಾ, ಕನ್ನಡದಲ್ಲಿ ಶ್ರದ್ಧೆ. ಶ್ರಾದ್ಧ ಎಂಬ ಪದ ಹುಟ್ಟಿದ್ದೂ ಈ ಶ್ರದ್ಧೆಯಿಂದಲೇ. ಪುರೋಹಿತಶಾಹಿ ಅದಕ್ಕೆ ಪಿಂಡ, ದರ್ಭೆ, ದಕ್ಷಿಣೆ ಕಟ್ಟಿತು. ಬೌದ್ಧರ ಸದ್ಧಾ ಎಂದರೆ ನೋಡಿ, ಅರಿತು, ಭರವಸೆ ಇಟ್ಟು, ಆ ಭರವಸೆಯ ಪ್ರಕಾರ ನಡೆಯುವುದು.

ಮಾತೆ ರಮಾಬಾಯಿಯವರ ಜೀವನದಲ್ಲೂ ಇಂಥ ಒಂದು ಘಟ್ಟ ಬಂದಿತ್ತು. ಅವರಿಗೆ ಪಂಢರಪುರಕ್ಕೆ ಹೋಗುವ ಆಸೆ. ನಮ್ಮವರನ್ನು ಗುಡಿಯ ಒಳಗೆ ಬಿಡದ ಪಂಢರಪುರ ನಮಗೇಕೆ, ನಮ್ಮ ಜನರ ಸೇವೆಯಿಂದ ನಮ್ಮದೇ ಇನ್ನೊಂದು ಪಂಢರಪುರ ಕಟ್ಟೋಣ ಎಂದು ಬಾಬಾಸಾಹೇಬರು ಹೇಳಿದರು. ಆ ಗುಡಿಯ ಬಾಗಿಲು ನಮ್ಮವರಿಗೆ ತೆರೆದದ್ದು 1947 ರಲ್ಲಿ. ರಮಾಬಾಯಿಯವರು 1935 ರ ಮೇ 27 ರಂದೇ ತೀರಿಕೊಂಡಿದ್ದರು. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ ಅವರು. ಅವರ ತಾಳ್ಮೆಯ ನೆರಳಿನಲ್ಲಿ ಬಾಬಾಸಾಹೇಬರ ಓದು, ಹೋರಾಟ ಬೆಳೆದವು. ನಮ್ಮ ಸೋದರಮಾವ ಅವ್ವನಿಗೆ ಹೇಳಿದ ಮೊದಲ ಕಥೆ ಇದೇ ಎಂದು ಅವ್ವ ಹೇಳುತ್ತಿದ್ದಳು. "ಆ ತಾಯಿ ತನ್ನ ಆಸಿ ನುಂಗಿದಳು, ನಾ ನನ್ನ ಹೆದರಿಕಿ ನುಂಗಿದೆ, ಅಷ್ಟೇ" ಎನ್ನುತ್ತಿದ್ದಳು.

*ಆಯಿ*

ನಾನು ಟಿಸಿಎಚ್ ಓದಲು ಅವ್ವ ಬೆಳ್ಳಿಯ ಕಾಲ್ಕಡಗ ಮಾರಿದಳು. ನಾನು ಶಿಕ್ಷಕಿಯಾದೆ. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆ ಬಂದಾಗ ಅವ್ವ ಸ್ಲೇಟು ಹಿಡಿದು ಹೋಗಿ ಕುಳಿತಳು. ವರ್ಷವೊಂದಾದ ಮೇಲೆ ವಂದನೆಯ ಪುಸ್ತಕವನ್ನು ಬೆರಳಿಟ್ಟು ಓದತೊಡಗಿದಳು. ಬಾಯಿಪಾಠ ಬರುತ್ತಿದ್ದುದನ್ನೇ ಓದುತ್ತಿದ್ದಾಳೆ ಎಂದು ತಮ್ಮ ನಗುತ್ತಿದ್ದ. "ಬರೋದನ್ನ ಓದಿದರ ತಪ್ಪಾದರ ತಿಳೀತದ" ಎಂದು ಅವಳ ಉತ್ತರ.

ಮೊಮ್ಮಕ್ಕಳಿಗೆ ರಾತ್ರಿ ಎರಡು ನೀರಿನ ಕಥೆ ಹೇಳುತ್ತಿದ್ದಳು. ಒಂದು ರೋಹಿಣಿ ನದಿಯದು. ಶಾಕ್ಯರಿಗೂ ಕೋಲಿಯರಿಗೂ ನೀರಿನ ಜಗಳವಾಗಿ, ಯುದ್ಧ ಬೇಡ ಎಂದ ಸಿದ್ಧಾರ್ಥ ಮನೆ ಬಿಟ್ಟು ಹೊರಟ ಕಥೆ, ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬರೆದ ಹಾಗೆ. ಇನ್ನೊಂದು 1927 ರ ಮಾರ್ಚ್ 20 ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದ ಕಥೆ. ಆಯಿ, ನೀನೂ ಬಾವಿ ಹತ್ತಿರ ನಿಂತಿದ್ದೆಯಲ್ಲ ಎಂದು ಮಕ್ಕಳು ಕೇಳಿದರೆ, "ನಿಂತಿದ್ದೆ. ಅದಕ್ಕ ನೀವು ಯಾರನ್ನೂ ನಿಲ್ಲಿಸಬ್ಯಾಡ್ರಿ" ಎನ್ನುವಳು. ಮನೆಯ ಬಾಗಿಲಿಗೆ ಯಾರೇ ಬಂದರೂ ಮೊದಲು ಒಂದು ತಂಬಿಗೆ ನೀರು. ಅವಳು ಮೈತ್ರಿಯ ಬಗ್ಗೆ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಆ ತಂಬಿಗೆಯನ್ನು ಮಾತ್ರ ದಿನಾ ನೋಡಿದ್ದೇನೆ.

ಶೀಲದ ವಿಷಯದಲ್ಲಿ ಅವಳು ಬಿಗಿ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಬರೆಯುವವನೊಬ್ಬ, ವಯಸ್ಸು ಏಳೆಂಟು ವರ್ಷ ಹೆಚ್ಚು ಹಾಕಿದರೆ ಈಗಲೇ ರೊಕ್ಕ ಬರುತ್ತದೆ ಎಂದ. "ಸಂಜೀಗಿ ದೀಪ ಹಚ್ಚಿ ಸುಳ್ಳು ಹೇಳಂಗಿಲ್ಲ ಅಂತೀನಿ, ಮುಂಜಾನಿ ಹೆಬ್ಬಟ್ಟು ಒತ್ತಿ ಸುಳ್ಳು ಹೇಳಲೇನು?" ಎಂದು ಎದ್ದು ಬಂದಳು. ಆಮೇಲೆ ನೆನಪಾಯಿತು, "ಹೆಬ್ಬಟ್ಟಲ್ಲ, ಸಹಿ" ಎಂದು ತಾನೇ ತಿದ್ದಿಕೊಂಡು ನಕ್ಕಳು.

ಹೋಗುವ ಮೊದಲು ಒಂದೇ ಮಾತು ಕೇಳಿದ್ದಳು. "ನನ್ನ ಮಣ್ಣಿನ ದಿನ ಯಾರೂ ಕುಡೀಬಾರದು. ನಿಮ್ಮಪ್ಪನ ಮಣ್ಣಿನ ದಿನ ಎಲ್ಲಾರೂ ಕುಡಿದಿದ್ದರು, ನಾ ಒಬ್ಬಾಕಿ ಎಚ್ಚರ ಇದ್ದೆ." ಕೇರಿಯ ಹುಡುಗರು ಆ ಮಾತು ಉಳಿಸಿದರು. ಅಂದು ಹಲಗೆ ಬಾರಿಸಿದವರೂ ಚಹಾ ಕುಡಿದೇ ಬಾರಿಸಿದರು.

*ತೀರದ ಋಣ*

ಅಂಗುತ್ತರ ನಿಕಾಯದಲ್ಲಿ ತಥಾಗತರು ತಾಯಿ ತಂದೆಯ ಋಣದ ಬಗ್ಗೆ ಹೇಳುತ್ತಾರೆ. ಒಂದು ಹೆಗಲ ಮೇಲೆ ತಾಯಿಯನ್ನು, ಇನ್ನೊಂದರ ಮೇಲೆ ತಂದೆಯನ್ನು ಹೊತ್ತು ನೂರು ವರ್ಷ ನಡೆದರೂ ಆ ಋಣ ತೀರದು. ಹೆತ್ತವರನ್ನು ಶ್ರದ್ಧೆಯಲ್ಲಿ, ಶೀಲದಲ್ಲಿ, ದಾನಗುಣದಲ್ಲಿ, ಪ್ರಜ್ಞೆಯಲ್ಲಿ ನೆಲೆಗೊಳಿಸಿದವರು ಮಾತ್ರ ಅದನ್ನು ತೀರಿಸಿದವರು.

ಇದನ್ನು ಓದಿದಾಗಲೆಲ್ಲ ನನಗೆ ಒಂದು ತೊಡಕು. ನಾನು ಅವ್ವನನ್ನು ಯಾವುದರಲ್ಲಿ ನೆಲೆಗೊಳಿಸಿದೆ? ಕತ್ತರಿ ಹಿಡಿದವಳು ಅವಳು. ಶೀಲ ಕಲಿಸಿದವಳು ಅವಳು. ಮಕ್ಕಳು ತಾಯಿಗೆ ಕೊಡಬೇಕಾದ ಧಮ್ಮದಾನವನ್ನು ತಾಯಿಯೇ ಮಕ್ಕಳಿಗೆ ಕೊಟ್ಟು ಹೋದಳು. ನಮ್ಮಲ್ಲಿ ಬಹಳ ಮಂದಿಯ ತಾಯಂದಿರು, ಆಯಿಯರು ಹೀಗೆಯೇ. ಅಂಥ ಋಣವನ್ನು ಹಿಂದಕ್ಕೆ ತೀರಿಸಲು ಬರುವುದಿಲ್ಲ. ಮುಂದೆ ಬರುವವರಿಗೆ ಕೊಟ್ಟುಕೊಂಡು ಹೋಗಬೇಕು.

ಅಯ್ಯಿಕಾ ಸುತ್ತದಲ್ಲಿ ಕರ್ಮ ಉಳಿಯುತ್ತದೆ ಎಂದದ್ದು ಇಲ್ಲಿ ಸ್ಪಷ್ಟವಾಗುತ್ತದೆ. ದೇಹದಿಂದ ದೇಹಕ್ಕೆ ಹೋಗುವ ಆತ್ಮವನ್ನು ಬುದ್ಧ ಒಪ್ಪಲಿಲ್ಲ ಎಂದು ಬಾಬಾಸಾಹೇಬರು ಬಿಡಿಸಿ ಹೇಳಿದ್ದಾರೆ. ಕರ್ಮದ ನಿಯಮ ಎಂದರೆ ಲೋಕದ ನೈತಿಕ ವ್ಯವಸ್ಥೆ ಎಂದು ತಿಳಿಸಿದ್ದಾರೆ. ಒಳ್ಳೆಯ ಕೆಲಸ ಲೋಕದಲ್ಲಿ ಒಳಿತನ್ನು ಬೆಳೆಸುತ್ತದೆ, ಮಾಡಿದವರು ಹೋದ ಮೇಲೂ. ಅಂದು ಅವ್ವ ಕತ್ತರಿ ಹಿಡಿಯದಿದ್ದರೆ ನಾನು ಶಾಲೆಯ ಕಟ್ಟೆ ಹತ್ತುತ್ತಿರಲಿಲ್ಲ. ನನ್ನ ತರಗತಿಯಲ್ಲಿ ಅಕ್ಷರ ಕಲಿತ ಹುಡುಗಿಯರು ಎಷ್ಟು ಜನ! ಅವರಿಗೆ ನಮ್ಮ ಅವ್ವನ ಮುಖ ಗೊತ್ತಿಲ್ಲ. ಆದರೆ ಅವರು ಬರೆದ ಪ್ರತಿ ಅಕ್ಷರದಲ್ಲಿ ಅವಳ ಕೆಲಸ ಇದೆ.

*ಚಿಕ್ಕವ್ವನಿಗೆ ಕೊಟ್ಟ ಉತ್ತರ*

ರಾಜಗೃಹದಲ್ಲಿ ಸಿಗಾಲ ಎಂಬ ಯುವಕ ಬೆಳಗಿನ ಜಾವ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ಸಾಯುವಾಗ ಅಪ್ಪ ಹೇಳಿ ಹೋಗಿದ್ದ, ಅದಕ್ಕೆ. ತಥಾಗತರು ಅವನನ್ನು ನೋಡಿ ನಗಲಿಲ್ಲ. ಅಪ್ಪನ ಮಾತಿನ ಮೇಲೆ ಅವನಿಗಿದ್ದ ಪ್ರೀತಿಯನ್ನು ಉಳಿಸಿ, ಆಚರಣೆಗೆ ಹೊಸ ಅರ್ಥ ಕೊಟ್ಟರು. ಪೂರ್ವ ದಿಕ್ಕು ಎಂದರೆ ತಾಯಿ ತಂದೆ. ಅವರಿಗೆ ಮಕ್ಕಳು ಮಾಡಬೇಕಾದ ಐದು ಕರ್ತವ್ಯಗಳನ್ನು ಹೇಳಿದರು. ಅವರನ್ನು ಸಾಕುವುದು, ಅವರ ಕೆಲಸಗಳನ್ನು ಮಾಡುವುದು, ಮನೆತನವನ್ನು ಕಾಯುವುದು, ಅವರು ಬಿಟ್ಟುಹೋದದ್ದಕ್ಕೆ ಯೋಗ್ಯರಾಗಿ ಬಾಳುವುದು. ಐದನೆಯದು, ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ದಾನ ಮಾಡುವುದು.

ನಾನು ಚಿಕ್ಕವ್ವನ ಪಕ್ಕದಲ್ಲಿ ಕುಳಿತು ಈ ಸಿಗಾಲನ ಕಥೆ ಹೇಳಿದೆ. ಆಮೇಲೆ ಕೇಳಿದೆ: "ಚಿಕ್ಕವ್ವ, ಅವ್ವ ಇದ್ದಾಗ ಯಾರಾದರೂ ಹಸಿದು ಬಾಗಿಲಿಗೆ ಬಂದರ ಮೊದಲು ತಾನು ಉಣ್ಣತಿದ್ದಳೋ, ಅವರಿಗೆ ನೀಡತಿದ್ದಳೋ?"

"ಅವರಿಗೇ. ತಾ ಉಣ್ಣೋದು ಎಲ್ಲಾರದೂ ಆದ ಮ್ಯಾಲೆ."

"ಹಂಗಾದ್ರ ಆಕಿ ಹೆಸರಿಲೆ ಹಸಿದವರಿಗೆ ನೀಡೋಣ. ನೀ ಎಡಿಗೆ ಅಂತ ಏನ್ ಮಾಡತಿದ್ದೆ?"

"ಹೂರಣದ ಹೋಳಿಗಿ. ನಮ್ಮಕ್ಕಗ ಬಾಳ ಸೇರತಿತ್ತು."

ಆದ್ದರಿಂದ ಇಂದು ಮಧ್ಯಾಹ್ನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಹೂರಣದ ಹೋಳಿಗೆಯ ಊಟ. ಬೇಳೆ ಕುದಿಸುವುದರಿಂದ ಹಿಡಿದು ಬಡಿಸುವವರೆಗೆ ಚಿಕ್ಕವ್ವನದೇ ಮುಂದಾಳತ್ವ. ನಿನ್ನೆ ರಾತ್ರಿ ಬೆಲ್ಲ ಕುಟ್ಟುತ್ತ ಮೆಲ್ಲಗೆ ಕೇಳಿದಳು, "ಒಂದೇ ಒಂದು ಹೋಳಿಗಿ ತೆಗೆದಿಡಲೇನು?"

"ಇಡು ಚಿಕ್ಕವ್ವ. ಊಟಕ್ಕ ತಡವಾಗಿ ಬರೋ ಹುಡುಗಿ ಒಬ್ಬಾಕಿ ಇದ್ದೇ ಇರತಾಳ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಎರಡು ಇಡತೀನಿ" ಎಂದಳು.

ಬಂಧುಗಳೇ, ಮನೆಯ ಹಿರಿಯರ ಹಳೆಯ ನಂಬಿಕೆಯನ್ನು ಹೀಯಾಳಿಸಿ ಬಿಡಿಸಲು ಹೋಗಬೇಡಿ. ಆ ನಂಬಿಕೆಯ ಒಳಗೆ ಬಹಳ ಸಲ ಪ್ರೀತಿ ಇರುತ್ತದೆ, ಹೆದರಿಕೆ ಇರುತ್ತದೆ. ಹೆದರಿಕೆಯನ್ನು ತೆಗೆದು ಪ್ರೀತಿಗೆ ಕೆಲಸ ಕೊಡಿ. ಆದರೆ ಪ್ರತಿಜ್ಞೆಯನ್ನು ಮಾತ್ರ ಸಡಿಲಿಸಬೇಡಿ. ನಮ್ಮ ಆಯಿಯರು ನಡುಗುವ ಕೈಯಿಂದ ಕತ್ತರಿಸಿದ್ದನ್ನು ನಾವು ಮತ್ತೆ ಕಟ್ಟಿಕೊಳ್ಳುವುದು ಬೇಡ.

*ಇಂದಿನ ಅಭ್ಯಾಸ*

1. ತಾಯಿ, ಆಯಿ ಬದುಕಿದ್ದರೆ ಇಂದು ಅರ್ಧ ತಾಸು ಅವರ ಹತ್ತಿರ ಕುಳಿತುಕೊಳ್ಳಿ. ಮೊಬೈಲ್ ಪಕ್ಕಕ್ಕಿಡಿ. ಅವರು ಯಾವಾಗ, ಯಾಕೆ ಬುದ್ಧನ ಕಡೆ ಬಂದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅವರ ಕಥೆಯನ್ನು ನಾವು ಬರೆಯದಿದ್ದರೆ ಇನ್ನಾರೂ ಬರೆಯುವುದಿಲ್ಲ.

2. ಅವರು ತೀರಿಕೊಂಡಿದ್ದರೆ ಅವರ ಹೆಸರಿನಲ್ಲಿ ಒಂದು ದಾನ ಮಾಡಿ. ಒಂದು ಹೊತ್ತಿನ ಊಟ, ಒಂದು ನೋಟ್‌ಬುಕ್, ಒಂದು ಬಾಟಲಿ ರಕ್ತ, ಯಾವುದಾದರೂ ಸರಿ. ಸಾಲ ಮಾಡಿ ದೊಡ್ಡದಾಗಿ ಮಾಡುವುದು ಬೇಡ.

3. ಸಂಜೆ ಮಕ್ಕಳನ್ನು ಕೂರಿಸಿಕೊಂಡು ತ್ರಿಸರಣ, ಪಂಚಶೀಲ ಹೇಳಿ. ಮನೆಯ ಹಿರಿಯ ತಾಯಿ ಆ ಐದರಲ್ಲಿ ಯಾವ ಶೀಲವನ್ನು ಕಷ್ಟದಲ್ಲೂ ಬಿಡದೆ ಕಾಯ್ದಳು ಎಂಬುದನ್ನು ಒಂದು ಘಟನೆಯೊಂದಿಗೆ ಮಕ್ಕಳಿಗೆ ಹೇಳಿ.

ನಮ್ಮನ್ನು ಹೆತ್ತ, ಹೊತ್ತ, ಹೆದರಿಕೆ ನುಂಗಿ ದಾರಿ ತೋರಿದ ಎಲ್ಲ ತಾಯಂದಿರ ನೆನಪಿಗೆ ಇಂದಿನ ಪುಣ್ಯ ಸಲ್ಲಲಿ. ಎಲ್ಲರೂ ಸುಖವಾಗಿರಲಿ, ಎಲ್ಲ ಹೆಣ್ಣುಮಕ್ಕಳೂ ನಿರ್ಭಯರಾಗಿರಲಿ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.

ಅಧ್ಯಯನ ಬಳಗದ ಒಬ್ಬ ಉಪಾಸಿಕೆ

(ಓದು ಬಾರದ ಹಿರಿಯರಿಗೆ ದಯವಿಟ್ಟು ಓದಿ ಹೇಳಿ.)